ಪಾಲಾಗದ ಕಟ್ಟೆ

ಕಂಪ್ಲಿಯ ಬಂಡಿ ಓಣಿಯಲ್ಲಿ ಉಜ್ಜಿನಪ್ಪ ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಕೂರುತ್ತಿದ್ದ, ಬೇಕಾದಷ್ಟು ಹೊತ್ತು ಕೂರುತ್ತಿದ್ದ. ಸುಮ್ಮನೆ ಮಾತ್ರ ಅಲ್ಲ. ಎತ್ತಿನ ಜೊತೆ ಮಾತು, ಬಂಡಿಯ ಗಾಲಿಯ ಜೊತೆ ಮಾತು, ರೊಟ್ಟಿ ಬಿರುಸಾಗಿದ್ದರೆ ರೊಟ್ಟಿಯ ಜೊತೆಗೇ ಒಂದು ಜಗಳ. ಬಂಡಿಗೆ ಬೆಲ್ಲ ಹೇರಿಕೊಂಡು ಹೊಸಪೇಟೆಯ ರೈಲ್ವೆ ಸ್ಟೇಷನ್ನಿಗೆ ಹೊರಟನೆಂದರೆ ಬುಕ್ಕಸಾಗರದಲ್ಲಿ ಶುರುವಾದ ಕಥೆ ಕಡ್ಡಿರಾಂಪುರ ದಾಟಿದರೂ ಮುಗಿಯುತ್ತಿರಲಿಲ್ಲ. ಹಿಂದೆ ಬರುವ ಬಂಡಿಯವರು ಅವನನ್ನು ಬೇಕೆಂದೇ ಮುಂದೆ ಬಿಡುತ್ತಿದ್ದರು. ಅವನು ಮುಂದಿದ್ದರೆ ತಮಗೆ ತೂಕಡಿಕೆ ಬರುವುದಿಲ್ಲ, ಕಳ್ಳರೂ ಹತ್ತಿರ ಸುಳಿಯುವುದಿಲ್ಲ ಎಂಬುದು ಅವರ ಲೆಕ್ಕ. ಕಳ್ಳರಿಗೂ ಕಿವಿ ಇರುತ್ತದಲ್ಲ.

ಇಂಥ ಬಾಯಿಬಡುಕ ಭೂಮಿಯ ಮೇಲೆ ಒಬ್ಬನೇ ಒಬ್ಬನ ಜೊತೆ ಮಾತಾಡುತ್ತಿರಲಿಲ್ಲ. ಆ ಒಬ್ಬ ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಮ್ಮ ಗವಿಸಿದ್ದಪ್ಪ. ಇದ್ದದ್ದು ಪಕ್ಕದ ಮನೆಯಲ್ಲೇ, ನಡುವೆ ಒಂದು ಮಣ್ಣಿನ ಗೋಡೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುವುದು ಊರಿಗೆಲ್ಲ ಗೊತ್ತಿರುವ ಮಾತು. ಆದರೆ ಇವರಿಬ್ಬರು ದಾಯಾದಿಗಳಾದದ್ದು ಹೊಲಕ್ಕಲ್ಲ, ಮನೆಗಲ್ಲ, ಒಂದು ಎತ್ತಿಗೆ. ಅಪ್ಪ ತೀರಿಕೊಂಡ ಮೇಲೆ ಹಿರಿಯರು ಕೂತು ಎಲ್ಲವನ್ನೂ ಪಾಲು ಮಾಡಿದರು. ದೊಡ್ಡ ಮನೆಯ ನಡುವೆ ಗೋಡೆ ಎದ್ದಿತು, ಒಂದು ಬಾಗಿಲಿದ್ದಲ್ಲಿ ಎರಡಾದವು. ಕೊನೆಗೆ ಉಳಿದದ್ದು ಹಂಡ್ಯಾ, ಮಾಸ್ಯಾ ಎಂಬ ಜೋಡಿ ಎತ್ತು. ಎರಡನ್ನೂ ಒಬ್ಬನಿಗೆ ಕೊಟ್ಟು ಬಂಡಿಯನ್ನು ಇನ್ನೊಬ್ಬನಿಗೆ ಕೊಡೋಣ ಎಂದು ಹಿರಿಯರು ಬಡಕೊಂಡರು. ಇಬ್ಬರೂ ಕೇಳಲಿಲ್ಲ. ಸಮಪಾಲು ಎಂದರೆ ಸಮಪಾಲು. ಒಬ್ಬೊಬ್ಬನಿಗೆ ಒಂದೊಂದು ಎತ್ತು. ಒಂಟಿ ಎತ್ತು ಕಟ್ಟಿಕೊಂಡು ಯಾವ ಬಂಡಿ ಹೂಡುತ್ತೀರಪ್ಪಾ ಎಂದು ಕೇಳಿದರೆ ಇಬ್ಬರೂ ಆಕಾಶ ನೋಡಿದರು.

ಹಿರಿಯನಾದ್ದರಿಂದ ಮೊದಲು ಆರಿಸಿಕೊಳ್ಳುವ ಹಕ್ಕು ಉಜ್ಜಿನಪ್ಪನದು. ಅವನು ಮಾಸ್ಯಾನ ಹಗ್ಗ ಹಿಡಿದ. ಮಾಸ್ಯಾ ಕರುವಾಗಿದ್ದಾಗಿನಿಂದ ಗವಿಸಿದ್ದಪ್ಪನ ಕೈಯಿಂದಲೇ ಮೇವು ತಿಂದು ಬೆಳೆದ ಎತ್ತು. ಅದು ಉಜ್ಜಿನಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. 'ಅಣ್ಣಾ, ಅದು ನನ್ನ ಎತ್ತು, ನನಗ ಕೊಡು' ಎಂದು ತಮ್ಮ ಒಂದು ಮಾತು ಕೇಳಲಿ, ಆಗ ದೊಡ್ಡ ಮನಸ್ಸು ಮಾಡಿ ಕೊಟ್ಟುಬಿಡೋಣ ಎಂದು ಅವನ ಆಸೆ. ಹಿರಿತನ ತೋರಿಸಲು ಇಂಥದ್ದೊಂದು ದಾರಿ ಹುಡುಕಿಕೊಂಡಿದ್ದ, ಪುಣ್ಯಾತ್ಮ. ತಮ್ಮ ಕೇಳಲಿಲ್ಲ. ಹಂಡ್ಯಾನ ಹಗ್ಗ ಹಿಡಿದು ಒಳಗೆ ಹೋದ. ಅಂದಿನಿಂದ ಮಾತು ಬಿತ್ತು. ಕಿರಿಯನಾಗಿ ತಮ್ಮನೇ ಮೊದಲು ಮಾತಾಡಲಿ ಎಂದು ಅಣ್ಣ, ತಪ್ಪು ಮಾಡಿದ ಅಣ್ಣನೇ ಮಾತಾಡಲಿ ಎಂದು ತಮ್ಮ. ಹಳೆಯ ಬಂಡಿ ಅಣ್ಣನಿಗೆ ಉಳಿಯಿತು, ತಮ್ಮ ಹೊಸದು ಮಾಡಿಸಿದ, ಇಬ್ಬರೂ ಬೇರೆ ಬೇರೆ ಜೊತೆ ಎತ್ತು ತಂದು ಹೂಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಎರಡು ಬಂಡಿಗಳೂ ಬಹಳ ದಿನ ದಾರಿಯ ಅಡ್ಡಡ್ಡಕ್ಕೆ ನಡೆದವು.

ಆದರೆ ಪಾಲಾಗದೆ ಉಳಿದದ್ದು ಒಂದಿತ್ತು. ಅದು ಮನೆಯ ಮುಂದಿನ ಕಟ್ಟೆ. ಆ ಓಣಿಯಲ್ಲಿ ಮನೆ ಹೋಳಾದರೂ ಕಟ್ಟೆ ಹೋಳು ಮಾಡುವ ಪದ್ಧತಿ ಇಲ್ಲ. ಕಟ್ಟೆ ಮನೆಯವರದ್ದಾದರೂ ಕೂರುವ ಹಕ್ಕು ದಾರಿಹೋಕರದ್ದು, ಅವರದ್ದನ್ನು ನಾವು ಪಾಲು ಮಾಡಲು ಬರುವುದಿಲ್ಲ ಎಂದು ಹಿರಿಯರು ಎದ್ದು ಹೋಗಿದ್ದರು. ಹಾಗಾಗಿ ಎರಡು ಬಾಗಿಲ ಮುಂದೆ ಉದ್ದಕ್ಕೆ ಒಂದೇ ಕಟ್ಟೆ. ಕರಿಕಲ್ಲಿನ ಚಪ್ಪಡಿಗಳು, ಕೂತು ಕೂತು ನುಣುಪಾದವು. ಸಂತೆಗೆ ಬಂದವರು ತಲೆಯ ಹೊರೆ ಇಳಿಸುತ್ತಿದ್ದದ್ದು ಅಲ್ಲೇ. ಬಳೆಗಾರ ಮಲಾರ ಬಿಚ್ಚುತ್ತಿದ್ದದ್ದು ಅಲ್ಲೇ. ಸಂಜೆಯಾದರೆ ಈ ತುದಿಗೆ ಉಜ್ಜಿನಪ್ಪ, ಆ ತುದಿಗೆ ಗವಿಸಿದ್ದಪ್ಪ, ನಡುವೆ ಆ ಹೊತ್ತಿಗೆ ಯಾರು ಸಿಕ್ಕರೆ ಅವರು. ಎದುರಿಗೆ ಗೂಟಕ್ಕೆ ಕಟ್ಟಿದ ಮಾಸ್ಯಾ ಮೆಲುಕು ಹಾಕುತ್ತಾ ನಿಂತಿರುತ್ತಿದ್ದ.

ಮಾತು ಬಿಟ್ಟವರು ಒಂದೇ ಕಟ್ಟೆಯ ಮೇಲೆ ಕೂತು ಏನು ಮಾಡುತ್ತಿದ್ದರು? ಮಾತಾಡುತ್ತಿದ್ದರು.

"ಕೇಳಿದೇನ್ಲೇ ಮಾಸ್ಯಾ," ಎಂದು ಉಜ್ಜಿನಪ್ಪ ಎತ್ತಿಗೆ ಹೇಳುವನು. "ಕೆಲವರು ಸಂಡೂರು ಗುಡ್ಡ ಏರ್ಸಾಕ ಹಂಡ್ಯಾನ್ನ ಹೂಡಾಕ ಹೊಂಟಾರಂತ. ಹಂಡ್ಯಾಗ ವಯಸ್ಸಾಗೈತಿ ಅನ್ನೋದು ಅವರಿಗೆ ಗೊತ್ತಿಲ್ಲೇನು?"

ಆ ತುದಿಯಿಂದ ಗವಿಸಿದ್ದಪ್ಪ ನಡುವೆ ಕೂತ ಬಳೆಗಾರನ ಕಡೆ ತಿರುಗುವನು. "ಯಜಮಾನ್ರ, ಮಾಸ್ಯಾಗ ಹೇಳ್ರಿ. ಹಂಡ್ಯಾನ ಚಿಂತಿ ಹಂಡ್ಯಾನ ಮನಿಯವರು ಮಾಡ್ತಾರ ಅಂತ."

ಬಳೆಗಾರ ಬಾಯಿ ತೆರೆಯುವ ಮೊದಲೇ ಉಜ್ಜಿನಪ್ಪನಿಂದ ಮಾಸ್ಯಾಗೆ ಮುಂದಿನ ಪ್ರಶ್ನೆ ಬಂದಾಗಿರುತ್ತಿತ್ತು. ಬಾಡಿಗೆ, ಮಳೆ, ಮಗಳ ಬಾಣಂತನ, ಕೆಮ್ಮಿಗೆ ಕಷಾಯ, ಎಲ್ಲವೂ ಹೀಗೇ ಎತ್ತಿನ ಮೇಲೆ ಬಂದು ಬಳೆಗಾರನ ಮೇಲೆ ಹೋಗುತ್ತಿತ್ತು. ಒಮ್ಮೊಮ್ಮೆ ಬಳೆಗಾರ ಎದ್ದು ಹೋದ ಮೇಲೂ ಅವನು ಕೂತಿದ್ದ ಜಾಗಕ್ಕೆ ಹೇಳುತ್ತಾ ಕೂತಿರುತ್ತಿದ್ದರು. ಮಾತು ಬಿಟ್ಟ ಅಣ್ಣತಮ್ಮಂದಿರು ಊರಲ್ಲಿ ಬೇರೆಯವರೂ ಇದ್ದರು. ಇಷ್ಟೊಂದು ಮಾತಾಡುವವರು ಇವರೇ. ಇನ್ನು ಹೆಂಡಂದಿರು, ಉಜ್ಜಿನಪ್ಪನ ಸುಂಕಮ್ಮ ಮತ್ತು ಗವಿಸಿದ್ದಪ್ಪನ ಎರ್ರೆಮ್ಮ, ಈ ಜಗಳಕ್ಕೆ ಸೇರಲೇ ಇಲ್ಲ. ಹಿತ್ತಲ ಗೋಡೆಯ ಮೇಲಿಂದ ಒಬ್ಬಳ ಪುಂಡಿಪಲ್ಯ ಅತ್ತ ಹೋದರೆ ಇನ್ನೊಬ್ಬಳ ಮೆಣಸಿನಕಾಯಿ ಹಿಂಡಿ ಇತ್ತ ಬರುತ್ತಿತ್ತು.

ಇದೆಲ್ಲ ನಡೆದದ್ದು ಬಳ್ಳಾರಿಯ ಕಲೆಕ್ಟರನ ಮೇಲೆ ಮದರಾಸಿನಲ್ಲಿ ಗವರ್ನರ್ ಲಾಟ್ ಸಾಹೇಬ ಕೂತಿದ್ದ ಕಾಲದಲ್ಲಿ. ಹೊಸಪೇಟೆಯಿಂದ ಕಂಪ್ಲಿಗೆ ಮೋಟಾರು ಬಸ್ಸು ಬರಲು ಶುರುವಾಗಿ ಒಂದೆರಡು ಬೇಸಿಗೆ ಕಳೆದಿದ್ದವು. ಬಸ್ಸು ಊರ ಹೊರಗೆ ನಿಲ್ಲುತ್ತಿತ್ತು. ಅಲ್ಲಿಂದ ಸಂತೆಯ ಬಯಲಿಗೆ ಬರಬೇಕೆಂದರೆ ಬಂಡಿ ಓಣಿಯಲ್ಲೇ ಹಾಯಬೇಕು, ಬಂಡಿ ಓಣಿಯಲ್ಲಿ ಎರಡೂ ಬದಿಗೆ ಕಟ್ಟೆಗಳು. ಒಂದು ಬಂಡಿ ಬಂದರೆ ಎದುರಿನ ಬಂಡಿ ಹಿಂದಕ್ಕೆ ಸರಿಯಬೇಕು. ಯಾರು ಸರಿಯಬೇಕೆಂದು ತೀರ್ಮಾನವಾಗುವಷ್ಟರಲ್ಲಿ ಎತ್ತುಗಳು ಒಂದು ಸಲ ಮೆಲುಕು ಹಾಕಿ ಮುಗಿಸುತ್ತಿದ್ದವು.

ಬೆಲ್ಲದ ವ್ಯಾಪಾರಿ ಚನ್ನಯ್ಯನಿಗೆ ಇದು ಸೇರಲಿಲ್ಲ. ಅವನು ಊರ ಪ್ರಮುಖ ಹತ್ತು ಮಂದಿಯಲ್ಲಿ ಒಬ್ಬ, ಬಿಳಿ ಅಂಗಿ ತೊಟ್ಟು ಹೊಸಪೇಟೆಗೆ ಹೋಗಿಬರುವವನು. ಒಂದು ದಿನ ಓಣಿಯವರನ್ನೆಲ್ಲ ಕೂಡಿಸಿದ.

"ಕಾಲ ಬದಲಾಗೈತಿ ನೋಡ್ರಪ್ಪಾ," ಎಂದ. "ಬಸ್ಸು ಸೀದಾ ಸಂತಿ ಬಯಲಿಗೆ ಬರಬೇಕು. ಬಸ್ಸು ಬಂತಂದ್ರ ವ್ಯಾಪಾರ ಬಂತು. ಎಲ್ಲರೂ ನಿಮ್ಮ ನಿಮ್ಮ ಕಟ್ಟಿ ತಗೀರಿ, ಸಾಕು. ನಮ್ಮ ಓಣಿ ಹೊಸಪ್ಯಾಟಿ ಆಗಿಬಿಡ್ತೈತಿ."

"ತಗ್ಯೋ ಖರ್ಚು ಯಾರದು?" ಎಂದು ಯಾರೋ ಕೇಳಿದರು.

"ನಿಮ್ಮ ಕಟ್ಟಿ, ನಿಮ್ಮ ಗುದ್ದಲಿ. ಅದಕ್ಕೇನು ಖರ್ಚು?"

ಚನ್ನಯ್ಯನ ಮನೆ ಈ ಓಣಿಯಲ್ಲಲ್ಲ, ಊರಿನ ಹಳೆಯ ಕೋಟೆಯೊಳಗಿತ್ತು. ಅವನ ಕಟ್ಟೆಯ ಒಂದು ಕಲ್ಲೂ ಅಲುಗುವಂತಿರಲಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂದರೆ ಇದೇ. ಆದರೂ ಮೋಟಾರು ಎನ್ನುವ ಶಬ್ದಕ್ಕೆ ಆ ಕಾಲದಲ್ಲಿ ಏನೋ ಒಂದು ಮಂಕುಬೂದಿ ಇತ್ತು. ಓಣಿಯವರು ತಲೆ ಆಡಿಸಿದರು.

ಉಳಿದವರ ಕಟ್ಟೆಗೆ ಒಬ್ಬೊಬ್ಬ ಯಜಮಾನ, ಒಂದು ಹೂಂ ಸಾಕು. ಈ ಕಟ್ಟೆಗೆ ಇಬ್ಬರು, ಇಬ್ಬರದ್ದೂ ಹೂಂ ಬೇಕು. ಚನ್ನಯ್ಯ ಮೊದಲು ಉಜ್ಜಿನಪ್ಪನ ಬಾಗಿಲಿಗೆ ಬಂದ.

ಉಜ್ಜಿನಪ್ಪ ಬೆಳಗಿನಿಂದ ಊಹೂಂ ಎನ್ನಲು ತಯಾರಾಗಿ ಕೂತಿದ್ದ. ಕಟ್ಟೆ ಹೋದರೆ ತನಗೆ ಏನು ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಕೂರುವುದಕ್ಕೆ ಸಾವಿರ ಜಾಗ ಸಿಗುತ್ತದೆ. ತಮ್ಮ ಆ ತುದಿಗೆ ಕೂರುವ ಜಾಗ ಇನ್ನೊಂದಿಲ್ಲ. ಆದರೆ ಇದನ್ನು ಚನ್ನಯ್ಯನಂಥವನ ಮುಂದೆ ಹೇಳುವುದು ಹೇಗೆ?

"ನಿನ್ನ ತಮ್ಮ ಹೂಂ ಅಂದಾನಪ್ಪ," ಎಂದ ಚನ್ನಯ್ಯ. "ಕಟ್ಟಿ ಇದ್ರೇನು, ಹೋದ್ರೇನು ಅಂದ. ಇನ್ನ ನೀನು ಹೇಳು."

ಉಜ್ಜಿನಪ್ಪನ ಮುಖ ಬಾಡಿತು. "ಅವನು ಹಂಗಂದ್ನಾ?"

"ನನ್ನ ಮುಂದ ಅಂದಾನ."

"ಅವನಿಗ ಬ್ಯಾಡಾದ ಕಟ್ಟಿ ನನಗ ಯಾಕ್ರಿ? ಒಡೀರಿ. ಇವತ್ತೇ ಒಡೀರಿ."

ಚನ್ನಯ್ಯ ಅಲ್ಲಿಂದ ಎದ್ದು ಪಕ್ಕದ ಬಾಗಿಲಿಗೆ ಹೋದ. ಗವಿಸಿದ್ದಪ್ಪನ ಮುಂದೆಯೂ ಅದೇ ಹಾಡು ಹಾಡಿದ: ನಿನ್ನ ಅಣ್ಣ ಹೂಂ ಅಂದಾನ, ಕಟ್ಟಿ ಇದ್ರೇನು ಹೋದ್ರೇನು ಅಂದಾನ. ಗವಿಸಿದ್ದಪ್ಪನ ಮುಖವೂ ಅಷ್ಟೇ ಬಾಡಿತು, ಅಷ್ಟೇ ಬಿರುಸಾಗಿ ಹೂಂ ಎಂದ. ಅಣ್ಣನ ಬಾಗಿಲಲ್ಲಿ ಸುಳ್ಳಾಗಿದ್ದ ಮಾತು ತಮ್ಮನ ಬಾಗಿಲಿಗೆ ಬರುವಷ್ಟರಲ್ಲಿ ನಿಜವೇ ಆಗಿಬಿಟ್ಟಿತ್ತು. ಎರಡು ಬಾಗಿಲಿನ ನಡುವೆ ಒಂದು ಮಾರು ದೂರ. ಆ ಒಂದು ಮಾರು ದಾಟಿ 'ಹಂಗಂದ್ಯಾ?' ಎಂದು ಕೇಳುವವರು ಇಬ್ಬರಲ್ಲಿ ಒಬ್ಬರೂ ಇರಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಕೂತರು, ಆದರೆ ಎತ್ತಿಗೂ ಏನೂ ಹೇಳಲಿಲ್ಲ. ಸಿಟ್ಟು ಬಂದವರ ಮಧ್ಯೆ ಮಾಸ್ಯಾ ಒಬ್ಬನೇ ಆರಾಮಾಗಿದ್ದ.

ಕಟ್ಟೆ ಒಡೆಯುವ ದಿನ ಓಣಿಯಲ್ಲಿ ಹಬ್ಬದ ಗದ್ದಲ. ಹಾರೆ, ಗುದ್ದಲಿ, ಬುಟ್ಟಿ. ಧೂಳು ಎದ್ದು ರೊಟ್ಟಿಯ ಮೇಲೆ ಕೂತಿತು. ಉಜ್ಜಿನಪ್ಪ ಈ ತುದಿಯಿಂದ ಹಾರೆ ಹಾಕಿದ, ಗವಿಸಿದ್ದಪ್ಪ ಆ ತುದಿಯಿಂದ. ಒಬ್ಬರಿಗಿಂತ ಒಬ್ಬರು ಜೋರು. ತನಗೇ ಹೆಚ್ಚು ಬೇಡವಾಗಿದೆ ಎಂದು ತೋರಿಸಬೇಕಲ್ಲ. ನಡುವಿನ ದೊಡ್ಡ ಚಪ್ಪಡಿ ಒಬ್ಬನ ಕೈಗೆ ಏಳಲಿಲ್ಲ. ಒಬ್ಬ ಹಾರೆ ಒತ್ತಿದ, ಇನ್ನೊಬ್ಬ ಕೆಳಗೆ ಕಲ್ಲು ಕೊಟ್ಟ. ಎತ್ತಿ ಬಂಡಿಗೆ ಹಾಕುವಾಗ ಇಬ್ಬರ ಭುಜ ತಾಗಿದವು. ಮೊದಲಿನಿಂದ ಜೊತೆಯಾಗಿ ಹೊರೆ ಎತ್ತಿದವರಿಗೆ ಮಾತು ಬೇಕಾಗಿರಲಿಲ್ಲ.

ಕಿತ್ತ ಕಲ್ಲುಗಳನ್ನು ಊರ ಹೊರಗಿನ ಮೋರಿ ಕಟ್ಟಲು ಕೊಡಬೇಕೆಂದೂ, ಬಂಡಿ ಇದ್ದವರು ಬಿಟ್ಟಿಯಾಗಿ ಸಾಗಿಸಬೇಕೆಂದೂ ಚನ್ನಯ್ಯ ಹೇಳಿದ್ದ. ಹಾಗಾಗಿ ತಮ್ಮ ಕಟ್ಟೆಯನ್ನು ತಾವೇ ಒಡೆದು, ತಮ್ಮ ಬಂಡಿಗೆ ತಾವೇ ಹೇರಿ, ಅಣ್ಣತಮ್ಮಂದಿರು ಊರ ಹೊರಗೆ ಹೊರಟರು. ಉಜ್ಜಿನಪ್ಪನ ಬಂಡಿ ಮುಂದೆ, ಗವಿಸಿದ್ದಪ್ಪನದು ಹಿಂದೆ. ಆ ದಿನ ಉಜ್ಜಿನಪ್ಪ ಎತ್ತಿಗೆ 'ಹೋ' ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ದಾರಿಯಲ್ಲಿ ಸಿಕ್ಕವರು ಇವನಿಗೆ ಜ್ವರವೇನೋ ಎಂದುಕೊಂಡರು.

ಇಷ್ಟೆಲ್ಲ ಆದ ಮೇಲೆ ಒಂದು ತೊಡಕು ಉಳಿಯಿತು. ಅದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಚನ್ನಯ್ಯನ ಮಾತು ಕೇಳಿ ಕೊನೆಗಿಟ್ಟಿದ್ದರು. ಓಣಿಯ ಬಾಯಲ್ಲೇ ಹನುಮಪ್ಪನ ಗುಡಿ. ಅದರ ಮೂಲೆ ದಾರಿಗೆ ಚಾಚಿಕೊಂಡಿತ್ತು. ಅದನ್ನು ಒಂದಿಷ್ಟು ಸರಿಸದೆ ಬಸ್ಸು ಒಳಗೆ ಬರುವಂತಿರಲಿಲ್ಲ. ದೇವರ ಗುಡಿ ಮುಟ್ಟಬೇಕೆಂದರೆ ದೇವರನ್ನೇ ಕೇಳಬೇಕು. ಹಸಿ ಹೂವನ್ನು ಮೂರ್ತಿಗೆ ಅಂಟಿಸಿ ಕಾಯುವುದು, ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಎಲ್ಲಕ್ಕಿಂತ ಮೊದಲು ಇದನ್ನೇ ಕೇಳಬೇಕಾಗಿತ್ತು ಎಂದು ನಿಮಗೆ ಅನ್ನಿಸಬಹುದು. ಆದರೆ ಚನ್ನಯ್ಯನ ಲೆಕ್ಕ ಬೇರೆ.

"ಮೊದಲು ನಾವು ನಮ್ಮ ಕಟ್ಟಿ ತಗ್ಯೋಣು," ಎಂದಿದ್ದ. "ಇಡೀ ಓಣಿ ಜಾಗ ಬಿಟ್ಟ ಮ್ಯಾಲ ಹನುಮಪ್ಪ ಯಾವ ಮುಖ ಇಟ್ಕೊಂಡು ಇಲ್ಲ ಅಂತಾನ?"

ಮನುಷ್ಯರ ದಾಕ್ಷಿಣ್ಯ ದೇವರಿಗೂ ಇರುತ್ತದೆಂದು ನಂಬಿ ಓಣಿಯೆಲ್ಲ ಗುಡಿಯ ಮುಂದೆ ಸೇರಿತು. ಪೂಜಾರಿ ಹೂ ಏರಿಸಿದ. ಜನ ಉಸಿರು ಬಿಗಿಹಿಡಿದು ನಿಂತರು. ಹೂ ಎಡಕ್ಕೆ ಬಿತ್ತು. ಅಂಟು ಸರಿಯಾಗಲಿಲ್ಲವೇನೋ ಎಂದು ಚನ್ನಯ್ಯ ಇನ್ನೊಮ್ಮೆ ಹಾಕಿಸಿದ. ಮತ್ತೆ ಎಡಕ್ಕೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆ ಇದೆ. ಇಲ್ಲಿ ಪೂಜಾರಿಯ ಅಡ್ಡಿ ಏನೂ ಇರಲಿಲ್ಲ, ದೇವರೇ ಜಗ್ಗಲಿಲ್ಲ.

ಹೀಗೆ ಬಂಡಿ ಓಣಿ ಅಗಲವಾಯಿತು, ಬಸ್ಸು ಬರಲಿಲ್ಲ. ಮೊದಲಿನಂತೆ ಊರ ಹೊರಗೇ ನಿಂತು ಹಾರನ್ ಹೊಡೆಯುತ್ತಿತ್ತು.

ಖಾಲಿ ಜಾಗ ಖಾಲಿಯಾಗಿ ಇರುವುದುಂಟೇ? ಬೆಲ್ಲದ ದಲ್ಲಾಳಿ ಹೊನ್ನೂರಸ್ವಾಮಿ ಬಳ್ಳಾರಿಯಿಂದ ಒಂದು ಹಳೆಯ ಮೋಟಾರು ಕಾರು ತಂದಿದ್ದ, ಕ್ಯಾನ್ವಾಸಿನ ಮುಚ್ಚಳದ್ದು. ಅವನ ಮನೆಯ ಸಂದಿಯಲ್ಲಿ ಅದು ಹಿಡಿಯುತ್ತಿರಲಿಲ್ಲ. ಆದರೆ ಹನುಮಪ್ಪನ ಗುಡಿಯ ಮೂಲೆ ದಾಟಿ ಓಣಿಯೊಳಗೆ ಆರಾಮಾಗಿ ತೂರಿ ಬಂತು. ಓಣಿಯೆಲ್ಲ ನೋಡಿ, ಅತ್ಯಂತ ದೊಡ್ಡ ಕಟ್ಟೆ ಎಲ್ಲಿತ್ತೋ ಅಲ್ಲೇ ಅತ್ಯಂತ ಹೆಚ್ಚು ಜಾಗ ಎಂದು ಕಂಡುಕೊಂಡು ಉಜ್ಜಿನಪ್ಪ, ಗವಿಸಿದ್ದಪ್ಪರ ಬಾಗಿಲ ಮುಂದೆ ತಂದು ನಿಲ್ಲಿಸಿದ. ಮಧ್ಯಾಹ್ನ ಬಂದು ನಿಂತರೆ ದೀಪ ಹಚ್ಚುವ ಹೊತ್ತಿನವರೆಗೂ ಕದಲುತ್ತಿರಲಿಲ್ಲ. ಡ್ರೈವರ್ ಎಲ್ಲೋ ಚಹಾ ಕುಡಿಯುತ್ತಾ ಕೂತಿರುತ್ತಿದ್ದ.

ಕಟ್ಟೆ ಹತ್ತು ಮಂದಿಯನ್ನು ಕೂರಿಸುತ್ತಿತ್ತು. ಮೋಟಾರು ಒಬ್ಬರನ್ನೂ ಕೂರಿಸದೆ ಅಷ್ಟೇ ಜಾಗ ತಿನ್ನುತ್ತಿತ್ತು. ಹೊರೆ ಹೊತ್ತ ಹೆಂಗಸರು ಅದನ್ನು ಸುತ್ತಿ ಹೋಗಬೇಕಾಯಿತು. ಬಳೆಗಾರ ಬೇರೆ ಓಣಿ ಹಿಡಿದ. ಮಾಸ್ಯಾನ ಗೂಟ ದಾರಿಗೆ ಅಡ್ಡವಾಯಿತೆಂದು ಕಿತ್ತು ಅವನನ್ನು ಹಿತ್ತಲಿಗೆ ಕಟ್ಟಿದ್ದಾಯಿತು.

"ಹುಲ್ಲು ತಿನ್ನಂಗಿಲ್ಲ, ಸಗಣಿ ಹಾಕಂಗಿಲ್ಲ," ಎಂದು ಉಜ್ಜಿನಪ್ಪ ಬಾಗಿಲಲ್ಲಿ ನಿಂತು ಮೋಟಾರಿಗೆ ಬೈದ. "ದುಡಿಯಾಂಗೂ ಇಲ್ಲ, ಬರೇ ನಿಂತಿರ್ತೀ. ನಿನಗ ಯಾಕಲೇ ಇಷ್ಟು ಜಾಗ?"

ಮೋಟಾರು ಮಾಸ್ಯಾನಷ್ಟು ಒಳ್ಳೆಯ ಕೇಳುಗನಲ್ಲ, ಕಿವಿಯನ್ನೂ ಅಲ್ಲಾಡಿಸಲಿಲ್ಲ.

ಸಂಜೆಗಳು ಉಜ್ಜಿನಪ್ಪನಿಗೆ ಬೇಸರವಾದವು. ಒಳಗೆ ಕೂತರೆ ಕೂರಲಾಗದು, ಹೊರಗೆ ನಿಂತರೆ ನಿಲ್ಲಲಾಗದು. ಗೋಡೆಯಾಚೆ ತಮ್ಮ ಕೆಮ್ಮಿದರೆ ಕಿವಿ ಅತ್ತ ಹೋಗುತ್ತಿತ್ತು. ಮೊದಲಾದರೆ ಕೆಮ್ಮಿಗೆ ಏನು ಕುಡಿಯಬೇಕೆಂದು ಮಾಸ್ಯಾಗೆ ಹೇಳಿ ಹಗುರವಾಗುತ್ತಿದ್ದ. ಈಗ ಗೋಡೆಯ ಈಚೆ ಕೂತು ಕೆಮ್ಮು ಎಣಿಸುವುದೊಂದೇ ಕೆಲಸ. ತಮ್ಮನನ್ನು ಕಳೆದುಕೊಂಡೆ ಎಂದು ಪಾಲಾದ ದಿನ ಅವನಿಗೆ ಅನ್ನಿಸಿರಲಿಲ್ಲ, ಈಗ ಅನ್ನಿಸತೊಡಗಿತ್ತು.

ಒಂದು ಸಂಜೆ ಸುಂಕಮ್ಮ ರೊಟ್ಟಿ ಬಡಿಯುತ್ತಾ ಸುದ್ದಿ ಹೇಳಿದಳು.

"ಕೇಳಿದ್ರಿಲ್ಲೋ? ಮೈದುನ ಊರು ಬಿಡ್ತಾನಂತ."

"ಯಾವೂರಿಗೆ?"

"ಚೋರನೂರಿಗೆ. ಎರ್ರೆಮ್ಮನ ತವರಿಗೆ. ಅವಳ ಅಣ್ಣ ಕರದಾನಂತ, ಹೊಲ ಮಾಡ್ಕೊಂಡು ಇರ್ರಿ ಅಂತ. ಅಮಾಸಿ ಕಳದು ಹೊಂಡ್ತಾರಂತ. ಎರ್ರೆಮ್ಮ ಗ್ವಾಡಿ ಮ್ಯಾಲಿಂದ ಅಳ್ತಾ ಹೇಳಿದ್ಲು."

"ಹೋಗ್ಲಿ," ಎಂದ ಉಜ್ಜಿನಪ್ಪ. ರೊಟ್ಟಿ ಮುರಿದ, ಬಾಯಿಗೆ ಹಾಕಿಕೊಳ್ಳಲಿಲ್ಲ. "ಚೋರನೂರಾಗ ಏನೈತಿ? ಹೊಳಿ ಐತಾ, ಕಾಲುವಿ ಐತಾ? ಬರೇ ಮಳಿ ನಂಬ್ಕೊಂಡು ನವಣಿ ಬೆಳೀತಾರ. ಹೊಳಿ ನೀರು ಕುಡದು ಬೆಳದೋನು ಅಲ್ಲಿ ಹೆಂಗ ಬದುಕ್ತಾನ? ಯಾಕಂತ ಹೋಗೋದು?"

"ಇಲ್ಲಿ ಯಾರದಾರ ನನಗ ಅಂದ್ನಂತ."

ಉಜ್ಜಿನಪ್ಪ ತಟ್ಟೆ ಸರಿಸಿದ. ಸುಂಕಮ್ಮನಿಗೆ ತಡೆಯಲಾಗಲಿಲ್ಲ. "ಹೋಗಿ ಬಾಯಿ ಬಿಟ್ಟು ಹೇಳ್ರಿ. ಎತ್ತಿಗೆ ಹೇಳೋ ಮಾತು ಮನಿಷ್ಯಾಗ ಹೇಳಿದ್ರ ನಾಲಿಗಿ ಸವೀತೈತೇನು?"

"ಹಿರೇನಾಗಿ ನಾ ಹೋಗಿ ಕಾಲು ಹಿಡೀಲೇನು?"

"ಕಾಲು ಯಾಕ ಹಿಡೀತೀರಿ, ಬಾಯಿ ಐತೆಲ್ಲ. ಊರಿಗೆಲ್ಲಾ ಸಾಲೋವಷ್ಟು ಐತಿ."

ಅವನು ಟವೆಲ್ಲು ಕೊಡವಿ ಹೊರಗೆ ಬಂದ. ಹೊರಗೆ ಅದೇ ಮೋಟಾರು. ಮೋಟಾರಿಗೆ ಹತ್ತುವಾಗ ಕಾಲಿಡುವ ಉದ್ದ ಹಲಗೆ ಇತ್ತಲ್ಲ, ಡ್ರೈವರನ ಬಾಯಲ್ಲಿ ಫುಟ್‌ಬೋರ್ಡು, ಅದರ ಮೇಲೆ ಕುಕ್ಕರಿಸಿದ. ಪರವಾಗಿಲ್ಲ, ಒಬ್ಬ ಮನುಷ್ಯ ಕೂರಲು ಬರುವಂತಿತ್ತು. ಸುಮಾರು ಹೊತ್ತು ಕೂತ. ಪಕ್ಕದ ಬಾಗಿಲು ಕಿರ್ರೆಂದಿತು. ಗವಿಸಿದ್ದಪ್ಪ ಹೊರಗೆ ಬಂದು ಅಣ್ಣನನ್ನು ನೋಡಿ ನಿಂತ. ಹಿಂದಿರುಗಿ ಹೋಗಲಿಲ್ಲ. ಮೋಟಾರನ್ನು ಸುತ್ತಿ ಆ ಬದಿಗೆ ಹೋದ. ಸ್ವಲ್ಪ ಹೊತ್ತಿಗೆ ಮೋಟಾರು ಆ ಕಡೆಗೆ ಮೆಲ್ಲಗೆ ವಾಲಿತು. ತಮ್ಮನೂ ಆ ಕಡೆಯ ಹಲಗೆಯ ಮೇಲೆ ಕೂತನೆಂದು ಉಜ್ಜಿನಪ್ಪನಿಗೆ ಬೆನ್ನಿನಿಂದಲೇ ತಿಳಿಯಿತು.

"ಕೇಳಿದೇನಪ್ಪಾ ಮೋಟಾರಪ್ಪಾ," ಎಂದ. "ಕೆಲವರು ಚೋರನೂರಿಗೆ ಹೊಂಟಾರಂತ. ಅಲ್ಲಿ ಬ್ಯಾಸಿಗ್ಯಾಗ ಕುಡ್ಯಾಕ ನೀರು ಸಿಗಂಗಿಲ್ಲ. ಹೇಳಿದೋರು ಯಾರೂ ಇಲ್ಲೇನು ಅವರಿಗೆ?"

ಆ ಬದಿಯಿಂದ ತಮ್ಮನ ಉತ್ತರ ಬಂತು. "ಮೋಟಾರಪ್ಪಾ, ಅವರಿಗೆ ಕುಂದ್ರಾಕ ಒಂದು ಕಟ್ಟಿ ಇತ್ತು. ಅದನ್ನೂ ಒಡಿ ಅಂದವರ ಮಗ್ಗಲ ಯಾಕ ಇರಬೇಕು ಅಂತ ಹೊಂಟಾರ."

ಉಜ್ಜಿನಪ್ಪನಿಗೆ ರೇಗಿತು. "ಯಾರು ಒಡಿ ಅಂದದ್ದು? ಮೊದಲು ಹೂಂ ಅಂದವರು ಯಾರು, ಕೇಳು ಅವರನ್ನ! ಕಟ್ಟಿ ಇದ್ರೇನು, ಹೋದ್ರೇನು ಅಂದವರು ಯಾರು?"

"ಅವರ ಅಣ್ಣ ಅಂದದ್ದು. ಚನ್ನಯ್ಯ ಬಂದು ಹೇಳಿದ. ಹಿರೇರು ಅಂದ ಮ್ಯಾಲ ಇವರು ಹೂಂ ಅಂದಾರ."

"ಸುಳ್ಳು! ಚನ್ನಯ್ಯ ಇಲ್ಲಿಗೆ ಮೊದಲು ಬಂದ. ತಮ್ಮ ಹೂಂ ಅಂದಾನ ಅಂತ ಹೇಳಿದ. ಅವನು ಅಂದಾನಂತ ತಿಳದು..."

ಮಾತು ಅಲ್ಲಿಗೇ ನಿಂತಿತು. ಉಜ್ಜಿನಪ್ಪನಿಗೆ ಮೊದಲು ಬಂದದ್ದು ಚನ್ನಯ್ಯನ ಮೇಲೆ ಸಿಟ್ಟು, ಬಿಳಿ ಅಂಗಿ ಹರಿದುಹಾಕುವಷ್ಟು. ಆದರೆ ಆ ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಚನ್ನಯ್ಯ ಒಂದು ಸುಳ್ಳು ಹೇಳಿರಬಹುದು, ಅದನ್ನು ನಂಬಿದವನು ತಾನು. ತಮ್ಮನಿಗೆ ಕಟ್ಟೆ ಬೇಡವಾಗಿದೆ, ತಾನು ಬೇಡವಾಗಿದ್ದೇನೆ ಎಂದು ಇನ್ನೊಬ್ಬ ಬಂದು ಹೇಳಿದರೆ ಒಂದು ಉಸಿರಿಗೆ ನಂಬಿದ. ಅಷ್ಟು ವರ್ಷ ಸಂಜೆ ತಪ್ಪದೆ ಆ ತುದಿಗೆ ಬಂದು ಕೂತವನನ್ನು ನಂಬಲಿಲ್ಲ. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

ಅಷ್ಟರಲ್ಲಿ ಡ್ರೈವರ್ ಓಡಿ ಬಂದ. "ಏಳ್ರಿ ಯಜಮಾನ್ರ, ಜಲ್ದಿ ಏಳ್ರಿ. ಸಾವ್ಕಾರ್ರು ಹೊಸಪ್ಯಾಟಿಗೆ ಹೊಂಟಾರ."

ಇಬ್ಬರೂ ತಮ್ಮ ತಮ್ಮ ಬದಿಯಲ್ಲಿ ಎದ್ದು ನಿಂತರು. ಡ್ರೈವರ್ ಮುಂದೆ ಬಗ್ಗಿ ಹ್ಯಾಂಡಲ್ ತಿರುಗಿಸಿದ. ಮೋಟಾರು ಕೆಮ್ಮಿತು, ನಡುಗಿತು, ಹೊಗೆ ಬಿಟ್ಟಿತು, ಗುಡಿಯ ಮೂಲೆ ತಿರುಗಿ ಹೋಯಿತು.

ಧೂಳು ಇಳಿದಾಗ ಓಣಿಯ ನಡುವೆ ಅಣ್ಣ, ಅವನೆದುರು ತಮ್ಮ. ನಡುವೆ ಏನೂ ಇಲ್ಲ. ಉಜ್ಜಿನಪ್ಪ ಯಾರಿಗಾದರೂ ಹೇಳೋಣವೆಂದು ಅತ್ತ ಇತ್ತ ನೋಡಿದ. ಎತ್ತು ಹಿತ್ತಲಲ್ಲಿತ್ತು. ಬಳೆಗಾರ ಬೇರೆ ಓಣಿಯಲ್ಲಿದ್ದ. ಒಂದು ನಾಯಿಯಾದರೂ ಇದ್ದಿದ್ದರೆ ಅದಕ್ಕೆ ಹೇಳುತ್ತಿದ್ದ, ನಾಯಿಯೂ ಮೋಟಾರಿನ ಹಿಂದೆ ಓಡಿಹೋಗಿತ್ತು. ತಮ್ಮನ ಮುಖವನ್ನು ಇಷ್ಟು ನೇರವಾಗಿ ನೋಡಿ ಎಷ್ಟು ಕಾಲವಾಗಿತ್ತೋ, ಮೀಸೆಯೆಲ್ಲ ಬೆಳ್ಳಗಾಗಿತ್ತು. ಕಟ್ಟೆಯ ಮೇಲೆ ಪಕ್ಕಕ್ಕೆ ಕೂತು ಕೂತು ಅದನ್ನು ಅವನು ಗಮನಿಸಿರಲೇ ಇಲ್ಲ.

"ಗವಿಸಿದ್ದಾ," ಎಂದ. ದನಿ ತನ್ನದಲ್ಲವೆನ್ನುವಂತೆ ಬಂತು. "ಹೋಗಬ್ಯಾಡಲೇ."

ಗವಿಸಿದ್ದಪ್ಪ ಮೀಸೆಯ ಮೇಲಿನ ಧೂಳು ಒರೆಸಿಕೊಂಡ.

"ಇಷ್ಟು ಹೇಳಾಕ ಕಟ್ಟಿ ಒಡೀಬೇಕಾತೇನಣ್ಣಾ?" ಎಂದ.

ಉಜ್ಜಿನಪ್ಪ ಮುಂದೆ ಬಂದು ತಮ್ಮನ ಕೈ ಹಿಡಿದುಕೊಂಡ, ಹಿಡಿದು ಮಗುವಿನಂತೆ ಅತ್ತುಬಿಟ್ಟ. "ಯಾರು ಹೋಗ್ತಾರ, ಬಿಡಣ್ಣಾ, ಯಾರು ಹೋಗ್ತಾರ," ಎನ್ನುತ್ತಾ ಗವಿಸಿದ್ದಪ್ಪನೂ ಕಣ್ಣೊರೆಸಿಕೊಂಡ.

ಹಿಂದಿನಿಂದ ಯಾರದೋ ಬಂಡಿ ಬಂತು. "ಹೋಯ್, ದಾರಿ ಬಿಡ್ರಪ್ಪೋ!" ಎಂದು ಬಂಡಿಯವನು ಕೂಗಿದ. ಇಬ್ಬರೂ ಕದಲಲಿಲ್ಲ, ಅವರಿಗೆ ಕೇಳಿಸಿದಂತೆಯೂ ಇರಲಿಲ್ಲ. ಬಂಡಿಯವನು ಇನ್ನೊಮ್ಮೆ ಕೂಗಲಿಲ್ಲ. ಓಣಿ ಈಗ ಅಗಲವಾಗಿತ್ತು. ಎತ್ತುಗಳನ್ನು ಪಕ್ಕಕ್ಕೆ ಹೊರಳಿಸಿ, ಅವರನ್ನು ಸುತ್ತಿ ಬಂಡಿ ಹೊಡೆದುಕೊಂಡು ಹೋದ.